ರೇಸ್ ಅರ್ಧಕ್ಕೇ ಬಿಟ್ಟ ಚಾಂಪಿಯನ್

'ಬಾಲ್ಟೋ' ಅನ್ನೋ ಕಾರ್ಟೂನ್ ಸಿನಿಮಾವನ್ನು ನಮ್ಮಲ್ಲಿ ಕೆಲವರು ಚಿಕ್ಕವರಿದ್ದಾಗ ನೋಡಿದ್ದೇವೆ. ಹಿಮದಲ್ಲಿ ಔಷಧ ತಲುಪಿಸಿದ ನಾಯಿಯ ಕಥೆ ಅದು. ಆದರೆ ನಿಜವಾಗಿ ನಡೆದ ಆ ಓಟದಲ್ಲಿ ಎಲ್ಲಕ್ಕಿಂತ ಉದ್ದದ ದಾರಿ ಓಡಿದ್ದು ಬಾಲ್ಟೋ ಅಲ್ಲ, ಟೋಗೋ. ಟೋಗೋವನ್ನು ಸಾಕಿದವರು ಲಿಯೊನಾರ್ಡ್ ಸೆಪ್ಪಾಲ. ಈ ಸಂಚಿಕೆಯಲ್ಲಿ ನಾವು ಹೇಳ್ತಿರೋದು ಅವರ ಕಥೆ.

ಸೆಪ್ಪಾಲ 1877ರಲ್ಲಿ ಉತ್ತರ ನಾರ್ವೆಯಲ್ಲಿ ಹುಟ್ಟಿದರು. ಅಪ್ಪನಿಂದ ಮೀನುಗಾರಿಕೆ, ಕಮ್ಮಾರಿಕೆ ಎರಡನ್ನೂ ಕಲಿತರು. ಚಿನ್ನ ಹುಡುಕಿಕೊಂಡು 1900ರಲ್ಲಿ ಅಲಾಸ್ಕದ ನೋಮ್ ಊರಿಗೆ ಬಂದರು. ಅಲ್ಲಿ ಒಂದು ಗಣಿ ಕಂಪನಿಗೆ ನಾಯಿಗಳು ಎಳೆಯುವ ಸ್ಲೆಡ್ ಓಡಿಸೋ ಕೆಲಸ ಹಿಡಿದರು. ಚಳಿಗಾಲದಲ್ಲಿ ಸಮುದ್ರವೇ ಹೆಪ್ಪುಗಟ್ಟುವ ಊರು ಅದು. ಅಲ್ಲಿ ನಾಯಿಗಳೇ ಲಾರಿ, ನಾಯಿಗಳೇ ಅಂಚೆ ಬಸ್ಸು.

1914ರಲ್ಲಿ ಅವರು ಮೊದಲ ಸಲ ಆಲ್ ಅಲಾಸ್ಕ ಸ್ವೀಪ್‌ಸ್ಟೇಕ್ಸ್ ಅನ್ನೋ ದೊಡ್ಡ ರೇಸಿಗೆ ಇಳಿದರು. ಸುಮಾರು 650 ಕಿಲೋಮೀಟರ್ ದೂರ. ಅವರ ಹತ್ತಿರ ಇದ್ದದ್ದು ಸೈಬೀರಿಯಾದಿಂದ ಬಂದಿದ್ದ ಎಳೆಯ ನಾಯಿಗಳು. ಹಿಮಗಾಳಿಯಲ್ಲಿ ದಾರಿ ತಪ್ಪಿ, ತಂಡ ಕಡಿದಾದ ಪ್ರಪಾತದ ಅಂಚಿಗೇ ಹೋಗಿಬಿಟ್ಟಿತ್ತು. ಹೇಗೋ ಹಿಂದಕ್ಕೆ ತಿರುಗಿಸಿದರು. ಅಷ್ಟರಲ್ಲಿ ನಾಯಿಗಳ ಪಾದ ಒಡೆದು, ಉಗುರು ಕಿತ್ತು ಬಂದಿದ್ದವು. ಸೆಪ್ಪಾಲ ರೇಸ್ ಅಲ್ಲಿಗೇ ಬಿಟ್ಟರು. ತಪ್ಪು ನಾಯಿಗಳದ್ದಲ್ಲ, ದಾರಿ ಸರಿಯಾಗಿ ತಿಳಿಯದೆ ಹೊರಟ ತಮ್ಮದೇ ಅನ್ನೋ ಕೊರಗು ಅವರಿಗೆ ಬಹಳ ದಿನ ಇತ್ತು.

ಆಮೇಲೆ ಅದೇ ರೇಸನ್ನು 1915, 1916, 1917 ಹೀಗೆ ಸತತ ಮೂರು ವರ್ಷ ಗೆದ್ದರು. ಚಾಟಿ ಬೀಸದೇನೇ ಇವರ ನಾಯಿಗಳು ಹೇಗೆ ಇಷ್ಟು ಓಡ್ತಾವೆ ಅಂತ ಬೇರೆ ಸ್ಲೆಡ್‌ನವರು ತಲೆ ಕೆಡಿಸಿಕೊಂಡಿದ್ದರಂತೆ.

1925ರ ಜನವರಿಯಲ್ಲಿ ನೋಮ್‌ಗೆ ಡಿಫ್ತೀರಿಯಾ ಬಂತು. ನಮ್ಮ ಕಡೆ ಗಂಟಲಮಾರಿ ಅಂತಾರಲ್ಲ, ಅದೇ. ಮಕ್ಕಳು ಸಾಯತೊಡಗಿದರು. ಔಷಧ ರೈಲಿನಲ್ಲಿ ನೆನಾನಾ ಊರಿನ ತನಕ ಮಾತ್ರ ಬರಬಹುದಿತ್ತು. ಅಲ್ಲಿಂದ ಸುಮಾರು 1,085 ಕಿಲೋಮೀಟರ್ ದಾರಿಯನ್ನು 20 ಸ್ಲೆಡ್ ಚಾಲಕರು, ಸುಮಾರು 150 ನಾಯಿಗಳು ರಿಲೇ ಮಾಡಿ ಐದೂವರೆ ದಿನದಲ್ಲಿ ಮುಗಿಸಿದರು. ಔಷಧ ಹೊತ್ತು ಹೆಚ್ಚಿನವರು ಸುಮಾರು 30–65 ಕಿಲೋಮೀಟರ್ ಓಡಿದರೆ ಸೆಪ್ಪಾಲ ತಂಡ ಸುಮಾರು 146 ಕಿಲೋಮೀಟರ್ ಓಡಿತು. ಔಷಧವನ್ನು ಎದುರುಗೊಳ್ಳೋಕೆ ನೋಮ್‌ನಿಂದ ಹೋದ ದಾರಿಯನ್ನೂ ಸೇರಿಸಿದರೆ 400 ಕಿಲೋಮೀಟರ್ ದಾಟುತ್ತದೆ. ಹೆಪ್ಪುಗಟ್ಟಿದ ನಾರ್ಟನ್ ಸೌಂಡ್ ಕೊಲ್ಲಿಯನ್ನೂ ದಾಟಿದರು. ಆಗ ಮುಂದಾಳು ನಾಯಿ ಟೋಗೋಗೆ 12 ವರ್ಷ, ಅಂದರೆ ಮುದಿ ವಯಸ್ಸು.

ಇಲ್ಲಿ ನಮ್ಮ ಕ್ಲಬ್ಬಿನಲ್ಲಿ ಜಗಳವೇ ಆಯ್ತು. ಪಾದ ಒಡೆದಿದ್ದಕ್ಕೆ ರೇಸ್ ಬಿಟ್ಟ ಮನುಷ್ಯ ಮುದಿ ನಾಯಿಯನ್ನು ಅಂಥ ಮಂಜುಗಡ್ಡೆ ಮೇಲೆ ಓಡಿಸಿದ್ದು ಸರಿನಾ? ಊರಲ್ಲಿ ಅವರ ಒಬ್ಬಳೇ ಮಗಳೂ ಸೇರಿ ಎಷ್ಟೋ ಮಕ್ಕಳಿದ್ದರು, ಬೇರೆ ದಾರಿ ಇರಲಿಲ್ಲ ಅನ್ನೋದು ಒಂದು ವಾದ. ನಾಯಿಗಳನ್ನ ಯಾರೂ ಕೇಳಲಿಲ್ಲವಲ್ಲ ಅನ್ನೋದು ಇನ್ನೊಂದು. ಆ ರಿಲೇಯಲ್ಲಿ ಬೇರೆ ತಂಡಗಳ ಕೆಲವು ನಾಯಿಗಳು ಸತ್ತವು ಅನ್ನೋದನ್ನೂ ಮರೆಯೋ ಹಾಗಿಲ್ಲ. ನಮಗಂತೂ ಇನ್ನೂ ಒಮ್ಮತ ಬಂದಿಲ್ಲ. ಪದಕಕ್ಕೆ ಓಡಿಸೋದು ಬೇರೆ, ಜೀವ ಉಳಿಸೋಕೆ ಓಡಿಸೋದು ಬೇರೆ ಅನ್ನೋದನ್ನು ಮಾತ್ರ ಎಲ್ಲರೂ ಒಪ್ಪಿದೆವು.

ಕೊನೆಯ ಹಂತ ಓಡಿ ನೋಮ್ ತಲುಪಿದ್ದು ಬಾಲ್ಟೋ ತಂಡ. ಅದೇ ವರ್ಷ ನ್ಯೂಯಾರ್ಕಿನಲ್ಲಿ ಬಾಲ್ಟೋ ಪ್ರತಿಮೆ ನಿಂತಿತು. ಟೋಗೋಗೆ ಸಿಗಬೇಕಾದ ಹೆಸರು ಸಿಗಲಿಲ್ಲ ಅಂತ ಸೆಪ್ಪಾಲ ನೊಂದುಕೊಂಡರು. ಆದರೆ ಪ್ರತಿಮೆ ಸಿಕ್ಕಿದ ಬಾಲ್ಟೋ ಗತಿ ನೋಡಿ: ಎರಡೇ ವರ್ಷದಲ್ಲಿ ಅದು ಮತ್ತು ಅದರ ಜೊತೆಗಾರರು ಲಾಸ್ ಏಂಜಲೀಸಿನ ಒಂದು ಸಣ್ಣ ಪ್ರದರ್ಶನದಲ್ಲಿ, ಕೆಟ್ಟ ಸ್ಥಿತಿಯಲ್ಲಿ ಕಟ್ಟಿಹಾಕಿಸಿಕೊಂಡಿದ್ದವು. 1927ರಲ್ಲಿ ಕ್ಲೀವ್‌ಲ್ಯಾಂಡ್ ನಗರದ ಜನ ಚಂದಾ ಎತ್ತಿ ಬಿಡಿಸಿ ತಂದರು. ಶಾಲಾ ಮಕ್ಕಳೂ ಚಿಲ್ಲರೆ ಕಾಸು ಕೊಟ್ಟಿದ್ದರು. ಟೋಗೋ ಮಾತ್ರ ಮೇನ್ ರಾಜ್ಯದಲ್ಲಿ ನೆಮ್ಮದಿಯ ಮುಪ್ಪು ಕಂಡು 1929ರಲ್ಲಿ ತೀರಿಕೊಂಡಿತು.

ಸೆಪ್ಪಾಲ 1967ರಲ್ಲಿ ಸಿಯಾಟಲ್‌ನಲ್ಲಿ ಕಣ್ಮುಚ್ಚಿದರು. ಇವತ್ತು ಅಲಾಸ್ಕದ ಇಡಿಟರಾಡ್ ರೇಸಿನಲ್ಲಿ ನಾಯಿಗಳಿಗೆ ಕಾಲುಚೀಲ ಇರಲೇಬೇಕು, ಒಮ್ಮೆ 24 ಗಂಟೆ ವಿಶ್ರಾಂತಿ ಕೊಡಲೇಬೇಕು, ದಾರಿಯುದ್ದಕ್ಕೂ ಪಶುವೈದ್ಯರು ಇರುತ್ತಾರೆ. ಇಷ್ಟಿದ್ದರೂ ಈ ರೇಸೇ ಬೇಕಾ ಅಂತ ಕೇಳುವವರಿದ್ದಾರೆ, ಕೇಳಲೇಬೇಕು. ಅಲ್ಲಿ ನಾಯಿಗಳನ್ನು ಎಲ್ಲರಿಗಿಂತ ಚೆನ್ನಾಗಿ ನೋಡಿಕೊಂಡವರಿಗೆ ಒಂದು ಪ್ರಶಸ್ತಿ ಕೊಡ್ತಾರೆ. ಮೂರು ಸಲ ರೇಸ್ ಗೆದ್ದ ಸೆಪ್ಪಾಲ ಹೆಸರು ಇಟ್ಟಿರೋದು ಆ ಪ್ರಶಸ್ತಿಗೆ.

ನಮ್ಮ ಲ್ಯಾಬಿನ ಮೆಷಿನ್‌ಗಳ ಮೇಲೆ ಎಷ್ಟು ಲೋಡ್ ತಡೆಯುತ್ತೆ ಅಂತ ಬರೆದಿರುತ್ತೆ. ನಾಯಿಯ ಮೇಲೆ ಬರೆದಿರಲ್ಲ. ನಾವೇ ಬಗ್ಗಿ ಅದರ ಪಾದ ನೋಡಬೇಕು.