ಬೆಳಕಿನ ಸಾಧಕ ಸರ್ ಸಿ. ವಿ. ರಾಮನ್

ಜ್ವರ ಬಂದಾಗ ಥರ್ಮಾಮೀಟರನ್ನು ಬಾಯಲ್ಲಿಡುತ್ತೇವೆ. ಧಗಧಗಿಸುವ ಉರಿಯ ಕಾವನ್ನು ಮುಟ್ಟಿ ಅಳೆಯಲಾದೀತೆ? ಮುಟ್ಟದೆ ಅಳೆಯುವ ಒಂದು ದಾರಿ ತೆರೆದದ್ದು ರಾಮನ್ ಅವರ ಶೋಧನೆಯಿಂದ.

ಇವರು 1888ರ ನವೆಂಬರ್ 7ರಂದು ತಿರುಚಿನಾಪಳ್ಳಿಯಲ್ಲಿ ಜನಿಸಿದರು. 1917ರಲ್ಲಿ ದೊಡ್ಡ ಸಂಬಳದ ಸರಕಾರಿ ಹುದ್ದೆಯನ್ನು ತೊರೆದು, ಕಡಿಮೆ ಸಂಬಳಕ್ಕೆ ಕಲಕತ್ತೆಯಲ್ಲಿ ಪ್ರಾಧ್ಯಾಪಕರಾದರು. ವಸ್ತುವಿನಿಂದ ಚದುರಿದ ಬೆಳಕಿನಲ್ಲಿ ಅಲ್ಪಭಾಗವು ಬಣ್ಣ ಬದಲಿಸುವುದನ್ನು 1928ರಲ್ಲಿ ಕಂಡುಹಿಡಿದರು. ಆ ಭಾಗದಲ್ಲಿ ಕೆಲವಂಶ ಕೆಂಪಿನತ್ತ, ಕೆಲವಂಶ ನೀಲಿಯತ್ತ ಸರಿದಿರುತ್ತದೆ. ಕಾವು ಏರಿದಂತೆ ನೀಲಿಯತ್ತ ಸರಿದುದರ ಪಾಲು ಹೆಚ್ಚುತ್ತದೆ; ಅದನ್ನಳೆದರೆ ಕಾವು ತಿಳಿಯುತ್ತದೆ.

1930ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. 1933ರಲ್ಲಿ ಬೆಂಗಳೂರಿಗೆ ಬಂದು, ಮುಂದೆ ವಜ್ರಗಳು ಸೂಸುವ ಹೊಳಪನ್ನೂ ಅಭ್ಯಸಿಸಿದರು. 1970ರ ನವೆಂಬರ್ 21ರಂದು ಅಲ್ಲಿಯೇ ತೀರಿಕೊಂಡರು.

ನಾರಾಯಣಪೇಟೆ, ಮಖ್ತಲ್, ಗದ್ವಾಲಗಳ ವಿದ್ಯಾರ್ಥಿಗಳೇ, ಸಂಬಳಕ್ಕಿಂತ ಜ್ಞಾನವೇ ದೊಡ್ಡದೆಂದು ಬಾಳಿದ ಈ ಮಹನೀಯರನ್ನು ನೆನೆಯೋಣ.