ಜ್ವರ ಇಳಿಯಿತೇ ಎಂದು ಎಣಿಸಿ ನೋಡಿದ ವೈದ್ಯ

ಸೊಳ್ಳೆಯಿಂದ ಮಲೇರಿಯಾ ಹರಡುತ್ತದೆಂದು ಇಂದು ಶಾಲೆಯ ಮಕ್ಕಳಿಗೂ ಗೊತ್ತು. ಅದನ್ನು ತೋರಿಸಿಕೊಟ್ಟ ಸರ್ ರೊನಾಲ್ಡ್ ರಾಸ್ ಅವರ ಹೆಸರನ್ನು ನಾವೆಲ್ಲ ಪಠ್ಯಪುಸ್ತಕದಲ್ಲಿ ಓದಿದ್ದೇವೆ. ಆದರೆ ಅವರು ನಮ್ಮ ಬೆಂಗಳೂರಿನಲ್ಲಿ ದುಡಿದವರು ಎಂಬುದು ಹೆಚ್ಚಿನವರಿಗೆ ತಿಳಿಯದು. ಆ ಶೋಧದ ನಂತರ ಅವರನ್ನು ವರ್ಷಾನುಗಟ್ಟಲೆ ಕಾಡಿದ್ದು ಬೇರೆಯೇ ಒಂದು ಪ್ರಶ್ನೆ. ಒಂದು ಊರಿನ ಆರೋಗ್ಯಕ್ಕಾಗಿ ಹಣವನ್ನೂ ಶ್ರಮವನ್ನೂ ಸುರಿದ ಮೇಲೆ, ಅದರಿಂದ ನಿಜವಾಗಿ ರೋಗ ಕಡಿಮೆಯಾಯಿತೆಂದು ತಿಳಿಯುವುದು ಹೇಗೆ?

ರಾಸ್ ಹುಟ್ಟಿದ್ದು 1857ರಲ್ಲಿ, ಹಿಮಾಲಯದ ಅಲ್ಮೋರಾದಲ್ಲಿ. ತಂದೆ ಸೇನಾಧಿಕಾರಿ. ಮಗನಿಗೆ ಚಿತ್ರ, ಕಾವ್ಯ, ಸಂಗೀತದ ಕಡೆ ಒಲವು. ತಂದೆಯ ಹಟಕ್ಕೆ ಮಣಿದು ವೈದ್ಯನಾದ. 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ, 1883ರಲ್ಲಿ ಬೆಂಗಳೂರಿನ ದಂಡು ಪ್ರದೇಶಕ್ಕೆ ವೈದ್ಯರಾಗಿ ಬಂದರು. ಅವರ ಬಂಗಲೆಯಲ್ಲಿ ಸೊಳ್ಳೆಯ ಕಾಟ ವಿಪರೀತ. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಹುಳುಗಳು ಕಂಡವು. ತೊಟ್ಟಿಯನ್ನು ಬರಿದು ಮಾಡಿಸಿದರು, ಸೊಳ್ಳೆ ಕಡಿಮೆಯಾಯಿತು. ಅಧಿಕಾರಿಗಳ ಭೋಜನಗೃಹದಲ್ಲೂ ಹಾಗೆಯೇ ಮಾಡೋಣವೆಂದಾಗ ಅಲ್ಲಿನ ಮೇಲ್ವಿಚಾರಕ ಒಪ್ಪಲಿಲ್ಲವಂತೆ. ಪ್ರಕೃತಿಯ ಏರ್ಪಾಡನ್ನು ಕೆಡಿಸಬಾರದೆಂಬುದು ಆತನ ವಾದ!

ಇಲ್ಲೊಂದು ಸೂಕ್ಷ್ಮವಿದೆ. ಗುಂಯ್‌ಗುಡುವ ಸೊಳ್ಳೆ ಕಡಿಮೆಯಾಗುವುದು ಒಂದು, ಜ್ವರ ಕಡಿಮೆಯಾಗುವುದು ಇನ್ನೊಂದು. ಎಲ್ಲ ಸೊಳ್ಳೆಯೂ ಮಲೇರಿಯಾ ತರುವುದಿಲ್ಲ. ಈ ಅಂತರ ರಾಸ್ ಅವರಿಗೆ ಅಂದು ತಿಳಿದಿರಲಿಲ್ಲ.

1895ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಕಾಲರಾ ಹಬ್ಬಿದಾಗ ಅವರನ್ನು ಮತ್ತೆ ಇಲ್ಲಿಗೆ ಕಳುಹಿಸಲಾಯಿತು. ವರ್ಷಕ್ಕೂ ಮೀರಿ ಬಾವಿ, ಚರಂಡಿ, ಓಣಿಗಳ ನಡುವೆಯೇ ಕೆಲಸ. ಮಲೇರಿಯಾ ಸಂಶೋಧನೆ ಹಿಂದೆ ಬಿತ್ತೆಂದು ಅವರಿಗೆ ಬೇಸರವಿತ್ತು. ಆದರೆ ಆ ಕಾಲ ವ್ಯರ್ಥವಾಗಲಿಲ್ಲವೆಂದೇ ನನ್ನ ಎಣಿಕೆ. ಒಬ್ಬ ರೋಗಿಯನ್ನು ನೋಡುವ ವೈದ್ಯನ ಕಣ್ಣು ಒಂದು ಊರನ್ನು ನೋಡಲು ಕಲಿತದ್ದು ಇಲ್ಲಿ. ಮುಂದೆ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯಲ್ಲಿ ರೋಗಾಣು ಕಂಡದ್ದು, ಮರುವರ್ಷ ಕಲ್ಕತ್ತಾದಲ್ಲಿ ಹಕ್ಕಿಗಳ ಮಲೇರಿಯಾದ ಮೂಲಕ ಸರಪಣಿ ಪೂರ್ಣಗೊಂಡದ್ದು, 1902ರ ನೊಬೆಲ್ ಬಹುಮಾನ, ಇವೆಲ್ಲ ಪ್ರಸಿದ್ಧ ಸಂಗತಿಗಳು. ಇಟಲಿಯ ಗ್ರಾಸ್ಸಿಯವರೊಂದಿಗೆ ಯಾರು ಮೊದಲು ಎಂದು ವರ್ಷಗಟ್ಟಲೆ ನಡೆಸಿದ ಕಹಿ ಜಗಳವೂ ಪ್ರಸಿದ್ಧವೇ. ಅದು ಅವರಿಗೆ ಶೋಭೆ ತರಲಿಲ್ಲ.

ಸೊಳ್ಳೆಯನ್ನು ತಡೆದರೆ ಮಲೇರಿಯಾ ನಿಲ್ಲಬೇಕಲ್ಲ? ಸೂಯೆಜ್ ಕಾಲುವೆಯ ಬಳಿಯ ಇಸ್ಮಾಯಿಲಿಯಾ ಪಟ್ಟಣದಲ್ಲಿ 1902ರಲ್ಲಿ ರಾಸ್ ಅವರ ಸಲಹೆಯಂತೆ ಕೆಲಸ ನಡೆಯಿತು. ವರ್ಷಕ್ಕೆ ಸಾವಿರ ದಾಟುತ್ತಿದ್ದ ಜ್ವರದ ಪ್ರಕರಣಗಳು 1903ರಲ್ಲಿ ಸುಮಾರು 200ಕ್ಕೆ, 1905ರ ಹೊತ್ತಿಗೆ 40ಕ್ಕೂ ಕೆಳಗೆ ಇಳಿದವು. ಅದೇ ಸಮಯದಲ್ಲಿ ಲಾಹೋರಿನ ಬಳಿಯ ಮಿಯಾನ್ ಮೀರ್ ದಂಡಿನಲ್ಲಿ ಸರ್ಕಾರಿ ವೈದ್ಯರಾದ ಜೇಮ್ಸ್ ಮತ್ತು ಕ್ರಿಸ್ಟೋಫರ್ಸ್ ಹೊಂಡ ಮುಚ್ಚಿಸಿ, ಕಾಲುವೆ ಬತ್ತಿಸಿ ನೋಡಿದರು. ಜ್ವರ ಅಷ್ಟಾಗಿ ಇಳಿಯಲಿಲ್ಲ. ಸೊಳ್ಳೆ ನಿಯಂತ್ರಣ ಫಲಕಾರಿಯಲ್ಲ ಎಂಬ ಮಾತು ಅಧಿಕಾರವಲಯದಲ್ಲಿ ಬಲವಾಯಿತು.

ರಾಸ್ ಸಿಟ್ಟಾದರು, ಆದರೆ ಸಿಟ್ಟಿನ ಹಿಂದೆ ಲೆಕ್ಕವಿತ್ತು. ಶುಚಿ ಮಾಡಿದ ಜಾಗ ಚಿಕ್ಕದಾದರೆ ಹೊರಗಿನ ಸೊಳ್ಳೆ ಒಳಗೆ ಹಾರಿಬರುತ್ತದೆ, ಅಂಚಿನಲ್ಲಿ ಅರ್ಧದಷ್ಟು ಸೊಳ್ಳೆ ಉಳಿದೇ ಉಳಿಯುತ್ತದೆ ಎಂದು 1904ರಲ್ಲೇ ಗಣಿತದಿಂದ ವಾದಿಸಿದರು. ನಮ್ಮ ಹುಳಿಮಾವು ಕೆರೆಯ ಒಂದು ಮಗ್ಗುಲಿನ ಬಡಾವಣೆಯವರು ಮಾತ್ರ ನಿಂತ ನೀರು ಚೆಲ್ಲಿ, ಪಕ್ಕದವರು ಡ್ರಮ್ಮುಗಳನ್ನು ಮುಚ್ಚದೆ ಬಿಟ್ಟರೆ ಹೇಗೋ ಹಾಗೆ. ಮೊದಲು ಎಷ್ಟು ಜ್ವರವಿತ್ತೆಂದು ಸರಿಯಾಗಿ ಅಳೆಯದೆ ನಂತರದ್ದನ್ನು ಹೇಳಲಾಗದು ಎಂಬುದು ಇನ್ನೊಂದು ಆಕ್ಷೇಪಣೆ. ಜೊತೆಗೆ ಪಂಜಾಬಿನಲ್ಲಿ ಮಳೆಯಂತೆ ಜ್ವರ ಏರಿಳಿಯುತ್ತಿತ್ತು. 1908ರಲ್ಲಿ ಅಲ್ಲಿ ಭೀಕರ ಮಲೇರಿಯಾ ಹಬ್ಬಿತು.

ಒಂದರ ನಂತರ ಇನ್ನೊಂದು ನಡೆದ ಮಾತ್ರಕ್ಕೆ ಮೊದಲನೆಯದೇ ಕಾರಣವಲ್ಲ. ಸೆಮಿನರಿಯ ತರ್ಕಶಾಸ್ತ್ರದಲ್ಲಿ ಕಲಿಸುವ ಈ ಎಚ್ಚರಿಕೆ ಎರಡೂ ಕಡೆಗೆ ಸಲ್ಲುತ್ತದೆ. ವಾರ್ಡಿನಲ್ಲಿ ಹೊಗೆ ಬಿಟ್ಟ ಮೇಲೆ ಡಿಸೆಂಬರಿನಲ್ಲಿ ಡೆಂಗ್ಯೂ ಇಳಿದರೆ ಅದು ಹೊಗೆಯಿಂದಲೋ, ಮಳೆ ನಿಂತದ್ದರಿಂದಲೋ? ಆರೋಗ್ಯ ಶಿಬಿರಗಳ ವರದಿಗಳಲ್ಲಿ ಎಷ್ಟು ಜನ ಬಂದರು, ಎಷ್ಟು ಮಾತ್ರೆ ಹಂಚಿದೆವು ಎಂದಿರುತ್ತದೆ. ಬಂದವರ ರಕ್ತದೊತ್ತಡ ಆರು ತಿಂಗಳ ನಂತರ ಹೇಗಿತ್ತೆಂದು ಇರುವುದು ಅಪರೂಪ. ನ್ಯಾಯವಾಗಿ ಹೇಳಬೇಕೆಂದರೆ ರಾಸ್ ಕೂಡ ನಿಷ್ಪಕ್ಷಪಾತಿಯಲ್ಲ. ಮಿಯಾನ್ ಮೀರನ್ನು ಜರಡಿ ಹಿಡಿದಷ್ಟು ಬಿಗಿಯಾಗಿ ಅವರು ತಮಗೆ ಪ್ರಿಯವಾದ ಇಸ್ಮಾಯಿಲಿಯಾವನ್ನು ಜರಡಿ ಹಿಡಿಯಲಿಲ್ಲ.

1907ರ ಕೊನೆಗೆ ಮಾರಿಷಸ್ ದ್ವೀಪಕ್ಕೆ ಹೋದಾಗ ಅವರು ಮೊದಲು ಕೈಗೊಂಡದ್ದು ಅಳತೆಯನ್ನೇ. ಮಲೇರಿಯಾ ನೆಲೆಸಿದ ಊರಿನ ಮಕ್ಕಳಲ್ಲಿ ಎಡಪಕ್ಕೆಯ ಕೆಳಗಿನ ಗುಲ್ಮ ಊದಿಕೊಳ್ಳುತ್ತದೆ. ನಮ್ಮ ಹಿರಿಯರು ಜ್ವರಗಡ್ಡೆ ಎನ್ನುತ್ತಿದ್ದದ್ದು ಅದನ್ನೇ. ಊರೂರಿನ ಮಕ್ಕಳ ಹೊಟ್ಟೆ ಮುಟ್ಟಿ ನೂರಕ್ಕೆ ಎಷ್ಟು ಎಂದು ಬರೆದಿಡಿಸಿದರು. ಆಸ್ಪತ್ರೆ ಇಲ್ಲದ ಹಳ್ಳಿಗೂ ಒಗ್ಗುವ, ಖರ್ಚಿಲ್ಲದ ಅಳತೆ. ಹತ್ತಾರು ಮಕ್ಕಳನ್ನಷ್ಟೇ ನೋಡಿದರೆ ಲೆಕ್ಕ ಮೋಸಮಾಡುತ್ತದೆಂದೂ ಎಚ್ಚರಿಸಿದರು. ಸೊಳ್ಳೆಗಳೆಲ್ಲ ಸಾಯಬೇಕಿಲ್ಲ, ಒಂದು ಮಿತಿಗಿಂತ ಕಡಿಮೆಯಾದರೆ ಮಲೇರಿಯಾ ತಾನಾಗಿ ಅಳಿಯುತ್ತದೆಂದು ಗಣಿತದಿಂದ ತೋರಿಸಿದ ಅವರ ಗ್ರಂಥ 1910ರಲ್ಲಿ ಹೊರಬಂತು.

1932ರ ಸೆಪ್ಟೆಂಬರ್ 16ರಂದು ರಾಸ್ ಲಂಡನ್ನಿನಲ್ಲಿ ತೀರಿಕೊಂಡರು. ಹದಿನಾಲ್ಕು ವರ್ಷಗಳ ನಂತರ, 1946ರಲ್ಲಿ, ಆಗ ಬೊಂಬಾಯಿ ಪ್ರಾಂತ್ಯದಲ್ಲಿದ್ದ ಧಾರವಾಡ ಮತ್ತು ಕೆನರಾ ಜಿಲ್ಲೆಗಳ ಹಳ್ಳಿಗಳಲ್ಲಿ ಡಾ. ವಿಶ್ವನಾಥನ್ ಅವರ ತಂಡ ಮನೆಗಳ ಗೋಡೆಗೆ ಡಿಡಿಟಿ ಸಿಂಪಡಿಸಿತು. ಸಿಂಪಡಿಸದ ಹಳ್ಳಿಗಳನ್ನೂ ಪಕ್ಕಕ್ಕಿಟ್ಟು, ಎರಡೂ ಕಡೆಯ ಮಕ್ಕಳ ಗುಲ್ಮವನ್ನು ಮುಟ್ಟಿ ನೋಡಿ, ಮೊದಲ ವರ್ಷದ ಲೆಕ್ಕವನ್ನು 1947ರಲ್ಲಿ ಪ್ರಕಟಿಸಿದರು.