ಶಕ್ತಿಯ ಕಣಜಕ್ಕೆ ಕಲ್ಲಿಟ್ಟವನು

ದಾಂಡೇಲಿಯಿಂದ ಜೋಯಿಡಾಕ್ಕೆ ಹೋಗುವ ದಾರಿಯಲ್ಲಿ, ಗಣೇಶಗುಡಿಯ ಬಳಿ ಸೂಪಾ ಅಣೆಕಟ್ಟನ್ನು ಕಂಡಾಗಲೆಲ್ಲ ನನ್ನಲ್ಲಿ ಎರಡು ಭಾವನೆಗಳು ಒಟ್ಟಿಗೆ ಮೂಡುತ್ತವೆ. ಕಾಳಿಯ ಮಳೆಗಾಲದ ನೀರನ್ನು ತಡೆದು, ಬೇಕೆಂದಾಗ ವಿದ್ಯುತ್ತಾಗಿ ಪಡೆಯುವ ಜಾಣ್ಮೆಗೆ ಮೆಚ್ಚುಗೆ. ಆ ನೀರಿನಡಿಯಲ್ಲಿ ಹಳೆಯ ಸೂಪಾ ಊರೇ ಮುಳುಗಿತಲ್ಲಾ ಎಂಬ ಸಂಕಟ. ನೀರಿಗಾದರೆ ಅಣೆಕಟ್ಟುಂಟು, ಬಿಸಿಲಿಗೆ ಕಟ್ಟೆ ಕಟ್ಟುವುದೆಂತು? ಈ ಪ್ರಶ್ನೆ ಎದ್ದಾಗ ನನಗೆ ನೆನಪಾಗುವವನು ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ.

ಆತ ಹುಟ್ಟಿದ್ದು 1745ರಲ್ಲಿ, ಕೋಮೋ ನಗರದಲ್ಲಿ. ಮನೆತನ ದೊಡ್ಡದು, ಸಿರಿ ಮಾತ್ರ ಕರಗಿತ್ತು. ನಾಲ್ಕು ವರ್ಷವಾದರೂ ಮಗುವಿಗೆ ಮಾತು ಬಾರದೆ ಹಿರಿಯರು ಕಳವಳಗೊಂಡಿದ್ದರಂತೆ. ಆ ಬಾಲಕನೇ ಬೆಳೆದು ಕೋಮೋದಲ್ಲಿ ಉಪಾಧ್ಯಾಯನಾದ. ಮುಂದೆ ಪಾವಿಯಾ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನಾದ. 1776ರಲ್ಲಿ ಮಜ್ಜೋರೆ ಸರೋವರದ ಜೌಗಿನಲ್ಲಿ ಕೋಲಾಡಿಸಿ, ಕೆಸರಿನಿಂದೆದ್ದ ಗುಳ್ಳೆಗಳನ್ನು ಸೀಸೆಯಲ್ಲಿ ಹಿಡಿದ. ಉರಿ ತಾಗಿಸಿದರೆ ಅದು ಹೊತ್ತಿಕೊಂಡಿತು. ನಾವು ಮೀಥೇನ್ ಎನ್ನುವುದು ಅದನ್ನೇ. ಹಳಿಯಾಳ, ಮುಂಡಗೋಡಗಳ ಕಡೆಯ ಹಳ್ಳಿಮನೆಯಲ್ಲಿ ಗೋಬರ್ ಗ್ಯಾಸಿನ ನೀಲಿ ಉರಿಯನ್ನು ಕಂಡಾಗ ನನಗೆ ಆ ಜೌಗು ನೆನಪಾಗುತ್ತದೆ. ಹುಲ್ಲು ಹೀರಿದ ಬಿಸಿಲೇ ಸಗಣಿಯ ದಾರಿಯಾಗಿ ಬಂದು ಒಲೆಯಲ್ಲಿ ಉರಿಯುತ್ತದಷ್ಟೆ.

ಸತ್ತ ಕಪ್ಪೆಯ ಕಾಲು ಲೋಹ ತಗುಲಿ ಅದುರಿದಾಗ, ಬೊಲೋನ್ಯದ ಗಾಲ್ವಾನಿ ಅದನ್ನು ಪ್ರಾಣಿಯೊಳಗಿನ ವಿದ್ಯುತ್ತೆಂದು ಬಗೆದ. ವೋಲ್ಟಾ ಒಪ್ಪಲಿಲ್ಲ, ಕಾರಣ ಎರಡು ಲೋಹಗಳಲ್ಲಿದೆಯೆಂದು ಹಟ ಹಿಡಿದ. ಬೆಳ್ಳಿ ಮತ್ತು ಸತುವಿನ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ರಟ್ಟನ್ನಿಟ್ಟು ಒಟ್ಟಿದಾಗ ವಿದ್ಯುತ್ತು ಎಡೆಬಿಡದೆ ಹರಿಯಿತು. 1800ರ ಮಾರ್ಚಿಯಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಈ ಸುದ್ದಿ ಬರೆದ. ಮರುವರ್ಷ ಪ್ಯಾರಿಸಿನಲ್ಲಿ ನೆಪೋಲಿಯನ್ನನೇ ಕುಳಿತು ಪ್ರಯೋಗ ನೋಡಿದ.

ಆದರೆ ಗೆದ್ದವನೂ ಒಂದೆಡೆ ಎಡವಿದ. ಲೋಹಗಳು ತಾಗಿದ ಮಾತ್ರಕ್ಕೇ ಶಕ್ತಿ ಹುಟ್ಟುವುದೆಂದೂ ಅದಕ್ಕೆ ಕೊನೆಯಿಲ್ಲವೆಂದೂ ಅವನ ನಂಬಿಕೆ. ನಿಜದಲ್ಲಿ ಸತು ಸವೆಯುತ್ತಿತ್ತು. ರಸಾಯನ ಕ್ರಿಯೆಯೇ ವಿದ್ಯುತ್ತಾಗುತ್ತಿತ್ತು. ಈ ಮಾತು ತಿರುಗುಮುರುಗಾಗಿಯೂ ಸಲ್ಲುತ್ತದೆ. 1800ರಲ್ಲೇ ಲಂಡನ್ನಿನ ನಿಕಲ್ಸನ್, ಕಾರ್ಲೈಲ್ ಎಂಬಿಬ್ಬರು ಅಂಥ ಒಟ್ಟಿಲಿನ ವಿದ್ಯುತ್ತಿನಿಂದ ನೀರನ್ನೊಡೆದು ಹೈಡ್ರೋಜನ್ ಪಡೆದರು. ಬಿಸಿಲಿನ ವಿದ್ಯುತ್ತನ್ನು ಹೈಡ್ರೋಜನ್ನಾಗಿ ಕೂಡಿಡುವ ಇಂದಿನ ಪ್ರಯತ್ನದ ಮೂಲ ಅದೇ. ಮತ್ತೆ ಮತ್ತೆ ತುಂಬಬಹುದಾದ ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಪ್ಲಾಂಟೆ ಮಾಡಿದ್ದು 1859ರಲ್ಲಿ. ವೋಲ್ಟಾ ಅಷ್ಟರಲ್ಲಿ ಇರಲಿಲ್ಲ. 1827ರಲ್ಲಿ ಕೋಮೋದಲ್ಲೇ ತೀರಿಕೊಂಡಿದ್ದ. ವಿದ್ಯುತ್ತಿನ ಒಂದು ಅಳತೆಗೆ ಅವನ ಹೆಸರು ಉಳಿಯಿತು.

ಕಾಡಂಚಿನ ಮನೆಯಲ್ಲಿ ಹಗಲಿನ ಬಿಸಿಲನ್ನು ಬ್ಯಾಟರಿಗೆ ತುಂಬಿ, ಇರುಳು ಆ ದೀಪದಡಿ ಮಕ್ಕಳು ಓದುವುದನ್ನು ಕಂಡಾಗ ನಾನು ವೋಲ್ಟಾನಿಗೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಅವನ ತಪ್ಪನ್ನೂ ಮರೆಯುವುದಿಲ್ಲ. ಬಿಟ್ಟಿಯಾಗಿ ಬಂದಂತೆ ಕಾಣುವ ಶಕ್ತಿಗೂ ಎಲ್ಲೋ ಒಂದು ಸತು ಸವೆದಿರುತ್ತದೆ. ಎಲ್ಲೋ ಒಂದು ಸೂಪಾ ಮುಳುಗಿರುತ್ತದೆ.